ಗಾಲ್ಫ್ ಕಲಿಯೋದು ಎಲ್ಲಿಂದ? ಪಟರ್ ಮೊದಲು, ಡ್ರೈವರ್ ಆಮೇಲೆ

ಪ್ರಶ್ನೆ: ನನಗೆ 41 ವರ್ಷ, ಬೆಂಗಳೂರಿನಲ್ಲಿ ಕೆಲಸ. ಆಫೀಸಿನ ಮೂರ್ನಾಲ್ಕು ಜನ ಶನಿವಾರ ಬೆಳಗ್ಗೆ ಗಾಲ್ಫ್ ಆಡಲು ಹೋಗುತ್ತಾರೆ, ನನ್ನನ್ನೂ ಕರೆಯುತ್ತಿದ್ದಾರೆ. ಕಾಲೇಜಿನಲ್ಲಿ ಕ್ರಿಕೆಟ್ ಚೆನ್ನಾಗಿಯೇ ಆಡಿದವನು ನಾನು. ಗಾಲ್ಫ್ ಮಾತ್ರ ಟಿವಿಯಲ್ಲಿ ನೋಡಿದ್ದು ಬಿಟ್ಟರೆ ಏನೂ ಗೊತ್ತಿಲ್ಲ. ಆಟದ ಲೆಕ್ಕ ಏನು, ಎಲ್ಲಿಂದ ಶುರು ಮಾಡಬೇಕು, ಖರ್ಚು ಎಷ್ಟು? ಆನ್‌ಲೈನಿನಲ್ಲಿ ಹನ್ನೆರಡು ಕ್ಲಬ್ಬಿನ (ಚೆಂಡು ಹೊಡೆಯುವ ಕೋಲಿನ) ಸೆಟ್ ಒಂದನ್ನು ನೋಡಿಟ್ಟಿದ್ದೇನೆ, ತೆಗೆದುಕೊಳ್ಳಲೇ? ಬೆನ್ನು ಆಗಾಗ ಹಿಡಿದುಕೊಳ್ಳುತ್ತದೆ, ಅದೂ ಒಂದು ಭಯ. ಎಂಟು ವರ್ಷದ ಮಗಳು ಬೇರೆ ನಾನೂ ಬರ್ತೀನಿ ಅಂತಿದ್ದಾಳೆ.

ಉತ್ತರ: ಆ ಸೆಟ್ಟನ್ನು ಈಗ ಕೊಳ್ಳಬೇಡಿ. ಕಾರ್ಟಿಗೆ ಹಾಕಿದ್ದರೆ ತೆಗೆಯಿರಿ. ಹೊಸಬರು ದುಡ್ಡು ಸುರಿಯುವುದು ಸಾಮಾನಿಗೆ, ಕೈ ಬಿಗಿ ಹಿಡಿಯುವುದು ಪಾಠಕ್ಕೆ. ನೀವು ಉಲ್ಟಾ ಮಾಡಿ. ಮೊದಲು ಕೋಚ್, ಆಮೇಲೆ ಕ್ಲಬ್. ಇನ್ನೊಂದು ಮಾತು: ಕಲಿಯುವುದನ್ನು ಕುಳಿಯ ಹತ್ತಿರದಿಂದ ಶುರು ಮಾಡಿ ಒಂದೊಂದೇ ಹೆಜ್ಜೆ ಹಿಂದಕ್ಕೆ ಬನ್ನಿ. ಎಲ್ಲರೂ ಡ್ರೈವರ್ ಅನ್ನುವ ಉದ್ದದ ಕ್ಲಬ್ ಹಿಡಿದು ದೂರ ಹೊಡೆಯುವುದರಿಂದ ಶುರು ಮಾಡುತ್ತಾರೆ, ಆರು ತಿಂಗಳಲ್ಲಿ ಬೇಜಾರಾಗಿ ಬಿಡುತ್ತಾರೆ. ಯಾಕೆ ಹೀಗೆ ಅಂತ ಮುಂದೆ ಹೇಳುತ್ತೇನೆ, ಮೊದಲು ಆಟದ ಲೆಕ್ಕ ಮುಗಿಸಿಬಿಡೋಣ.

ಟೀ ಅನ್ನುವ ಸಮತಟ್ಟು ಜಾಗದಿಂದ ಚೆಂಡು ಹೊಡೆಯಲು ಶುರು ಮಾಡಿ, ದೂರದಲ್ಲಿ ಬಾವುಟ ನೆಟ್ಟಿರುವ ಗ್ರೀನ್‌ನ, ಅಂದರೆ ನುಣುಪಾಗಿ ಕತ್ತರಿಸಿದ ಹುಲ್ಲಿನ ಜಾಗದ, ಕುಳಿಗೆ ಅದನ್ನು ಬೀಳಿಸಬೇಕು. ಎಷ್ಟು ಹೊಡೆತ ಬೇಕಾಯಿತೋ ಅದೇ ಸ್ಕೋರ್. ಕಡಿಮೆ ಹೊಡೆದವರು ಗೆದ್ದರು. ಚೆಂಡಿನ ಅಗಲ 1.68 ಇಂಚು, ಕುಳಿಯ ಅಗಲ 4.25 ಇಂಚು, ಅಂದರೆ ಜಾಗ ಸಾಕಷ್ಟಿದೆ ಅನ್ನಿಸುತ್ತದೆ, ಎರಡು ಗಜದಿಂದ ತಪ್ಪಿಸುವವರೆಗೆ. ಟೀಯಿಂದ ಗ್ರೀನ್‌ವರೆಗೆ ಒಂದು ಹೋಲ್. ಇಂಥ 18 ಹೋಲ್ ಸೇರಿದರೆ ಒಂದು ರೌಂಡ್. ಯಾಕೆ 18 ಅಂತ ಕೇಳಿದರೆ ಅದಕ್ಕೆ ದೊಡ್ಡ ತತ್ವ ಏನೂ ಇಲ್ಲ. ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್‌ನಲ್ಲಿ ಮುಂಚೆ ಒಂದು ರೌಂಡಿಗೆ 22 ಹೋಲ್ ಆಡುತ್ತಿದ್ದರು. ಶುರುವಿನ ಕೆಲವು ತೀರಾ ಚಿಕ್ಕವು ಅಂತ 1764ರಲ್ಲಿ ಅವನ್ನು ಒಂದಕ್ಕೊಂದು ಸೇರಿಸಿದರು, 18 ಆಯಿತು. ಜಗತ್ತೆಲ್ಲ ಅದನ್ನೇ ಹಿಡಿದುಕೊಂಡಿತು, ಅಷ್ಟೇ.

ಪ್ರತಿ ಹೋಲ್‌ಗೂ ಒಂದು ಪಾರ್ ಇರುತ್ತದೆ. ಒಳ್ಳೆಯ ಆಟಗಾರ ಎಷ್ಟು ಹೊಡೆತದಲ್ಲಿ ಮುಗಿಸಬೇಕು ಅನ್ನುವ ಲೆಕ್ಕ ಅದು. ಚಿಕ್ಕ ಹೋಲ್ ಪಾರ್ 3, ಮಧ್ಯಮದ್ದು ಪಾರ್ 4, ಐನೂರು ಗಜದ ಆಸುಪಾಸಿನದು ಪಾರ್ 5. ಗ್ರೀನ್ ಮೇಲೆ ಎರಡು ಪಟ್ (ಚೆಂಡನ್ನು ಕುಳಿಯತ್ತ ಉರುಳಿಸುವ ಹೊಡೆತ) ಬೇಕಾಗುತ್ತದೆ ಅಂತ ಪಾರ್‌ನಲ್ಲೇ ಸೇರಿಸಿರುತ್ತಾರೆ. ಅಂದರೆ ಪಾರ್ 4ರಲ್ಲಿ ಎರಡು ಹೊಡೆತಕ್ಕೆ ಗ್ರೀನ್ ಸೇರಬೇಕು, ಉಳಿದೆರಡು ಪಟ್. ಪಾರ್‌ಗಿಂತ ಒಂದು ಕಡಿಮೆಯಾದರೆ ಬರ್ಡಿ, ಎರಡು ಕಡಿಮೆಯಾದರೆ ಈಗಲ್. ಒಂದು ಜಾಸ್ತಿಯಾದರೆ ಬೋಗಿ. 18 ಹೋಲ್ ಸೇರಿ ಕೋರ್ಸಿನ, ಅಂದರೆ ಗಾಲ್ಫ್ ಮೈದಾನದ, ಪಾರ್ ಸಾಮಾನ್ಯವಾಗಿ 70ರಿಂದ 72. ನೀವು ಶುರುವಿನಲ್ಲಿ 120, 130 ಹೊಡೆಯುತ್ತೀರಿ. ಅದಕ್ಕೆ ನಾಚಿಕೆ ಬೇಡ, ನೂರರ ಒಳಗೆ ಬರಲು ಬಹಳ ಜನಕ್ಕೆ ವರ್ಷಗಳೇ ಹಿಡಿಯುತ್ತವೆ.

ಹಾಗಾದರೆ ಹಳೆಯ ಆಟಗಾರರ ಜೊತೆ ಹೊಸಬ ಹೇಗೆ ಆಡುವುದು? ಇಲ್ಲೇ ಈ ಆಟದ ಜಾಣತನ ಇರುವುದು. ಅದಕ್ಕೆ ಹ್ಯಾಂಡಿಕ್ಯಾಪ್ ಅನ್ನುತ್ತಾರೆ. ನಿಮ್ಮ ಕಳೆದ 20 ಸ್ಕೋರುಗಳಲ್ಲಿ ಒಳ್ಳೆಯ 8ನ್ನು ತೆಗೆದುಕೊಂಡು, ಆಡಿದ ಕೋರ್ಸ್ ಎಷ್ಟು ಕಷ್ಟದ್ದು ಅನ್ನುವುದನ್ನೂ ಸೇರಿಸಿ ಒಂದು ಸಂಖ್ಯೆ ಕೊಡುತ್ತಾರೆ. 2020ರಿಂದ ಜಗತ್ತಿನ ಬಹುತೇಕ ಕಡೆ ಇದೇ ಪದ್ಧತಿ. ಗರಿಷ್ಠ 54. ನಿಮಗೆ 54 ಸಿಕ್ಕಿದರೆ ಪ್ರತಿ ಹೋಲ್‌ಗೆ ಮೂರು ಹೊಡೆತ ರಿಯಾಯಿತಿ ಇದ್ದಂತೆ. ಪಾರ್ 4ರಲ್ಲಿ ಏಳು ಹೊಡೆದರೂ ಲೆಕ್ಕಕ್ಕೆ ಪಾರ್. ಸ್ಟೇಬಲ್‌ಫೋರ್ಡ್ ಅನ್ನುವ ಪಾಯಿಂಟ್ ಪದ್ಧತಿಯಲ್ಲಿ ಆಡಿದರೆ ಈ ರಿಯಾಯಿತಿ ಕಳೆದ ಮೇಲೆ ಪಾರ್‌ಗೆ ಎರಡು ಪಾಯಿಂಟ್, ಬೋಗಿಗೆ ಒಂದು, ಅದಕ್ಕಿಂತ ಕೆಟ್ಟದ್ದಕ್ಕೆ ಸೊನ್ನೆ. ಸೊನ್ನೆ ಗ್ಯಾರಂಟಿ ಅಂತ ಗೊತ್ತಾದ ಕೂಡಲೇ ಚೆಂಡು ಎತ್ತಿ ಜೇಬಿಗೆ ಹಾಕಿಕೊಂಡು ಮುಂದಿನ ಹೋಲ್‌ಗೆ ನಡೆಯಬಹುದು. ಆಫೀಸಿನವರ ಜೊತೆ ಹೋದರೆ ಸ್ಟೇಬಲ್‌ಫೋರ್ಡ್ ಆಡೋಣ ಅಂತ ನೀವೇ ಬಾಯಿಬಿಟ್ಟು ಕೇಳಿ. ಇಲ್ಲವೇ ಸ್ಕ್ರ್ಯಾಂಬಲ್ ಆಡಿ. ಅದರಲ್ಲಿ ತಂಡದ ಎಲ್ಲರೂ ಹೊಡೆಯುತ್ತಾರೆ, ಇದ್ದುದರಲ್ಲಿ ಒಳ್ಳೆಯ ಚೆಂಡು ಬಿದ್ದ ಜಾಗದಿಂದ ಮತ್ತೆ ಎಲ್ಲರೂ ಹೊಡೆಯುತ್ತಾರೆ. ಹೊಸಬರಿಗೆ ಅದಕ್ಕಿಂತ ಆರಾಮಿನ ಆಟ ಇಲ್ಲ.

ಈಗ ಕಲಿಯುವ ಕ್ರಮ. ಮೊದಲ ಎರಡು ವಾರ ಪಟರ್, ಅಂದರೆ ಪಟ್ ಮಾಡುವ ಕ್ಲಬ್, ಮಾತ್ರ ಹಿಡಿಯಿರಿ. ಪ್ರಾಕ್ಟೀಸ್ ಗ್ರೀನ್‌ನಲ್ಲಿ ಮೂರಡಿ ದೂರದಿಂದ ಕುಳಿಯ ಸುತ್ತ ಒಂದೊಂದು ಕಡೆಯಿಂದ ಹಾಕಿ. ಆಮೇಲೆ ಮೂವತ್ತು ಅಡಿ ದೂರ ಹೋಗಿ, ಆದರೆ ಅಲ್ಲಿಂದ ಕುಳಿಗೆ ಹಾಕುವ ಆಸೆ ಬಿಡಿ. ಚೆಂಡು ಕುಳಿಯ ಪಕ್ಕ ಬಂದು ನಿಲ್ಲಬೇಕು, ಅಷ್ಟು ಸಾಕು. ಪಟ್‌ನಲ್ಲಿ ದಿಕ್ಕಿಗಿಂತ ವೇಗ ತಪ್ಪುವುದೇ ಜಾಸ್ತಿ. ಇಳಿಜಾರು ಎತ್ತ ಇದೆ ಅಂತ ಕಣ್ಣಿಗೆ ಸಿಗದಿದ್ದರೆ, ಅಂಗಳಕ್ಕೆ ಒಂದು ಬಕೆಟ್ ನೀರು ಚೆಲ್ಲಿದ ಹಾಗೆ ಅಂದುಕೊಳ್ಳಿ, ಇಲ್ಲಿ ಚೆಲ್ಲಿದರೆ ಎತ್ತ ಹರಿಯುತ್ತದೆ? ಚೆಂಡೂ ಅತ್ತಲೇ ತಿರುಗುತ್ತದೆ.

ಅದಾದ ಮೇಲೆ ಚಿಪ್. ಗ್ರೀನ್‌ನ ಅಂಚಿನಿಂದ ಹತ್ತು ಹದಿನೈದು ಗಜ ದೂರದಲ್ಲಿ ನಿಂತು, ಪಿಚಿಂಗ್ ವೆಜ್ (ಮುಖ ಹೆಚ್ಚು ಹಿಂದಕ್ಕೆ ವಾಲಿರುವ ಚಿಕ್ಕ ಕ್ಲಬ್) ಹಿಡಿದು, ಪಾದ ಹತ್ತಿರ ಇಟ್ಟು, ತೂಕ ಎಡಗಾಲಿನ ಮೇಲೆ ಹಾಕಿ, ಪಟ್ ಮಾಡಿದಷ್ಟೇ ಚಿಕ್ಕ ತೂಗಿನಲ್ಲಿ ಚೆಂಡನ್ನು ಗ್ರೀನ್ ಮೇಲೆ ಬೀಳಿಸಿ ಉರುಳಲು ಬಿಡಿ (ನೀವು ಬಲಗೈಯವರು ಅಂದುಕೊಂಡು ಹೇಳುತ್ತಿದ್ದೇನೆ, ಎಡಗೈಯವರಾದರೆ ಎಲ್ಲವನ್ನೂ ತಿರುಗಿಸಿಕೊಳ್ಳಿ). ಆಮೇಲೆ 7 ಐರನ್ ಅನ್ನುವ ಮಧ್ಯಮ ಉದ್ದದ ಕ್ಲಬ್ ಹಿಡಿದು ಸೊಂಟದಿಂದ ಸೊಂಟದವರೆಗೆ ಅರ್ಧ ಸ್ವಿಂಗ್. ಅದರಲ್ಲಿ ಹತ್ತರಲ್ಲಿ ಆರೇಳು ಚೆಂಡು ಸರಿಯಾಗಿ ಸಿಗುವವರೆಗೆ ಪೂರ್ತಿ ಸ್ವಿಂಗಿಗೆ ಹೋಗಬೇಡಿ. ಡ್ರೈವರ್ ಕೊನೆಗೆ.

ಇಲ್ಲಿ ಒಂದು ಮಾತು ನೇರವಾಗಿ ಹೇಳಬೇಕು. ಆಟ ಗೆಲ್ಲುವುದು ಪಟ್‌ನಲ್ಲೇ ಅಂತ ಎಲ್ಲರೂ ಹೇಳುತ್ತಾರೆ, ಅದು ಪೂರ್ತಿ ನಿಜ ಅಲ್ಲ. ಕೊಲಂಬಿಯಾ ವಿಶ್ವವಿದ್ಯಾಲಯದ ಮಾರ್ಕ್ ಬ್ರೋಡಿ ಅನ್ನುವ ಪ್ರೊಫೆಸರ್ ಲಕ್ಷಾಂತರ ಹೊಡೆತಗಳ ಲೆಕ್ಕ ಹಾಕಿ, ಒಳ್ಳೆಯ ಆಟಗಾರನಿಗೂ ಸಾಮಾನ್ಯನಿಗೂ ಇರುವ ಅಂತರದಲ್ಲಿ ದೊಡ್ಡ ಪಾಲು ನೂರು ಗಜದ ಆಚೆಯ ಹೊಡೆತಗಳಲ್ಲೇ ಇದೆ ಅಂತ ತೋರಿಸಿದ್ದಾರೆ. ನಾನು ಅದನ್ನು ಒಪ್ಪುತ್ತೇನೆ. ಆದರೂ ಪಟರ್‌ನಿಂದ ಶುರು ಮಾಡಿ ಅನ್ನುತ್ತೇನೆ, ಕಾರಣ ಬೇರೆ. ಕ್ಲಬ್ಬಿನ ಮುಖ ಚೆಂಡಿಗೆ ಎಲ್ಲಿ ತಾಗಿತು, ಯಾವ ಕಡೆ ನೋಡುತ್ತಿತ್ತು ಅನ್ನುವುದು ಚಿಕ್ಕ ಹೊಡೆತದಲ್ಲಿ ಕೈಗೆ ಗೊತ್ತಾಗುತ್ತದೆ. ದೊಡ್ಡ ಸ್ವಿಂಗಿನಲ್ಲಿ ಏನು ತಪ್ಪಾಯಿತು ಅಂತ ಹೊಸಬರಿಗೆ ಗೊತ್ತೇ ಆಗುವುದಿಲ್ಲ. ಬೆನ್ನು ನೋವಿರುವ ನಿಮಗಂತೂ ಇದು ಒಳ್ಳೆಯದು. ಜೊತೆಗೆ ಗ್ರೀನ್ ಹತ್ತಿರ ಸುಮಾರಾಗಿ ಆಡಬಲ್ಲವನನ್ನು ಯಾರೂ ಬೇಡ ಅನ್ನುವುದಿಲ್ಲ, ಅವನು ಆಟ ನಿಲ್ಲಿಸುವುದಿಲ್ಲ.

ಅದಿತಿ ಅಶೋಕ್ ಅವರನ್ನೇ ನೋಡಿ, ನಮ್ಮ ಬೆಂಗಳೂರಿನ ಹುಡುಗಿ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಅವರು ದೂರ ಹೊಡೆಯುವವರ ಸಾಲಿನಲ್ಲಿ ಇರಲೇ ಇಲ್ಲ. ಜೊತೆಗೆ ಆಡುತ್ತಿದ್ದವರ ಚೆಂಡು ಇವರದಕ್ಕಿಂತ ಎಷ್ಟೋ ಮುಂದೆ ಬೀಳುತ್ತಿತ್ತು. ಆದರೂ ನಾಲ್ಕು ದಿನ ಪದಕದ ಹತ್ತಿರವೇ ಇದ್ದರು, ಪಟರ್ ಬಲದ ಮೇಲೆ. ಕೊನೆಗೆ ಪಾರ್‌ಗಿಂತ 15 ಕಡಿಮೆ, ಒಂದೇ ಒಂದು ಹೊಡೆತದಲ್ಲಿ ಕಂಚು ತಪ್ಪಿ ನಾಲ್ಕನೇ ಸ್ಥಾನ. ಆ ವಾರ ಗಾಲ್ಫ್ ಅಂದರೇನು ಅಂತ ಗೊತ್ತಿಲ್ಲದವರೂ ಬೆಳಗ್ಗೆ ಬೇಗ ಎದ್ದು ಟಿವಿ ಮುಂದೆ ಕೂತಿದ್ದರು.

ನೀವು ಕ್ರಿಕೆಟಿಗರು ಅಂದಿರಿ. ಅದರಿಂದ ಲಾಭವೂ ಇದೆ, ತೊಂದರೆಯೂ ಇದೆ. ಕಣ್ಣು ಕೈ ಹೊಂದಾಣಿಕೆ ನಿಮಗೆ ಆಗಲೇ ಇದೆ, ಚೆಂಡು ತಪ್ಪಿ ಗಾಳಿ ಹೊಡೆಯುವುದು ಕಡಿಮೆ. ಆದರೆ ಬ್ಯಾಟ್ ಹಿಡಿದಾಗ ನೀವು ಚೆಂಡಿನ ಕಡೆ ಹೆಜ್ಜೆ ಇಡುತ್ತೀರಿ, ತಲೆ ಅದರ ಮೇಲೆ ತರುತ್ತೀರಿ, ಕೆಳಗಿನ ಕೈಯಿಂದ ಬಲ ಕೊಡುತ್ತೀರಿ. ಇಲ್ಲಿ ಹೆಜ್ಜೆ ಇಲ್ಲ. ಮೈ ಸುತ್ತುತ್ತದೆ, ಕೈ ಅದರ ಹಿಂದೆ ಬರುತ್ತದೆ. ಬ್ಯಾಟ್ಸ್‌ಮನ್ ಅಭ್ಯಾಸದಲ್ಲೇ ಹೊಡೆದರೆ ಕ್ಲಬ್ ಹೊರಗಿನಿಂದ ಒಳಕ್ಕೆ ಅಡ್ಡ ಬರುತ್ತದೆ, ಅದರ ಮುಖ ಬಲಕ್ಕೆ ತೆರೆದಿರುತ್ತದೆ, ಚೆಂಡು ಬಲಕ್ಕೆ ಬಾಗಿ ಕಾಡಿಗೆ ಹೋಗುತ್ತದೆ. ಇದಕ್ಕೆ ಸ್ಲೈಸ್ ಅನ್ನುತ್ತಾರೆ, ಹೊಸಬರಲ್ಲಿ ಎಲ್ಲ ಕಡೆ ಕಾಣುವ ಕಾಯಿಲೆ. ಇನ್ನೊಂದು, ಕ್ರಿಕೆಟ್‌ನಲ್ಲಿ ಯೋಚನೆ ಮಾಡಲು ಸಮಯ ಇರುವುದಿಲ್ಲ. ಇಲ್ಲಿ ಚೆಂಡು ಸುಮ್ನೆ ಕೂತಿರುತ್ತದೆ, ನಿಮ್ಮ ತಲೆಯಲ್ಲಿ ಹತ್ತು ಸಲಹೆ ಓಡುತ್ತಿರುತ್ತವೆ. ಒಂದು ಹೊಡೆತಕ್ಕೆ ಒಂದೇ ಯೋಚನೆ ಇಟ್ಟುಕೊಳ್ಳಿ, ಎರಡನೆಯದು ಬಂದರೆ ಹಿಂದೆ ಸರಿದು ಮತ್ತೆ ನಿಲ್ಲಿ. ಕಪಿಲ್ ದೇವ್ ಕ್ರಿಕೆಟ್ ಬಿಟ್ಟ ಮೇಲೆ ಗಾಲ್ಫಿಗೆ ಅಂಟಿಕೊಂಡವರು, 2024ರಲ್ಲಿ ನಮ್ಮ ದೇಶದ ವೃತ್ತಿಪರ ಗಾಲ್ಫ್ ಸಂಸ್ಥೆ ಪಿಜಿಟಿಐಗೆ ಅಧ್ಯಕ್ಷರೂ ಆದರು. ಹಾಗಾಗಿ ಕ್ರಿಕೆಟಿಗರಿಗೆ ಈ ಆಟ ಒಗ್ಗುವುದಿಲ್ಲ ಅಂತೇನೂ ಇಲ್ಲ.

ಹಿಡಿತದ ಬಗ್ಗೆ ಕೋಚ್ ಹತ್ತಿರ ಕೂತು ಕಲಿಯಿರಿ, ಬರೆದು ಹೇಳಿದರೆ ಅರ್ಧ ಮಾತ್ರ ಬರುತ್ತದೆ. ಕ್ಲಬ್ಬಿನ ಹಿಡಿ ಎಡಗೈಯ ಬೆರಳುಗಳ ಬುಡದಲ್ಲಿ ಕೂರಬೇಕು, ಅಂಗೈ ಮಧ್ಯದಲ್ಲಿ ಬೇಡ. ಬಲಗೈಯ ಕಿರುಬೆರಳು ಎಡಗೈ ಬೆರಳುಗಳ ಮೇಲೆ ಕೂರಬಹುದು, ಹೆಣೆದುಕೊಳ್ಳಬಹುದು, ಅಥವಾ ಹತ್ತೂ ಬೆರಳು ಹಿಡಿಯ ಮೇಲೇ ಇರಬಹುದು. ಮೂರೂ ಸರಿ. ಬಿಗಿ ಮಾತ್ರ ಬೇಡ. ಮುಂದೋಳು ಕಲ್ಲಾದರೆ ಸ್ವಿಂಗ್ ಅಲ್ಲೇ ಸತ್ತಂತೆ.

ಹೊಸಬರೆಲ್ಲ ಮಾಡುವ ಇನ್ನೊಂದು ಕೆಲಸ, ಚೆಂಡನ್ನು ಮೇಲಕ್ಕೆ ಎತ್ತಲು ಹೋಗುವುದು. ನೋಡಲು ಸಹಜವಾಗಿದೆ, ಚೆಂಡು ಮೇಲೆ ಹೋಗಬೇಕು ಅಲ್ವಾ? ಆದರೆ ಎತ್ತುವ ಕೆಲಸ ಕ್ಲಬ್ಬಿನ ಮುಖ ಮಾಡುತ್ತದೆ. 7 ಐರನ್ ಮುಖ 30 ಡಿಗ್ರಿಯ ಆಸುಪಾಸಿನಲ್ಲಿ ಹಿಂದಕ್ಕೆ ವಾಲಿರುತ್ತದೆ, ಸ್ಯಾಂಡ್ ವೆಜ್ 55ರ ಹತ್ತಿರ. ನೀವು ಕೆಳಮುಖವಾಗಿ ಚೆಂಡಿಗೆ ಹೊಡೆದು, ಆಮೇಲೆ ಮುಂದಿನ ಹುಲ್ಲಿಗೆ ತಾಗಿಸಿದರೆ ಅದು ತಾನಾಗೇ ಏರುತ್ತದೆ. ಎತ್ತಲು ಹೋದರೆ ಒಂದೋ ಚೆಂಡಿಗಿಂತ ಹಿಂದೆ ನೆಲಕ್ಕೆ ಹೊಡೆಯುತ್ತೀರಿ, ಇಲ್ಲವೇ ಕ್ಲಬ್ ಚೆಂಡಿನ ತಲೆಗೆ ತಾಗಿ ಅದು ನೆಲದ ಮೇಲೆ ಉರುಳುತ್ತದೆ. ಚೆಂಡಿನ ಹಿಂದೆ ಒಂದು ಗೇಣು ಬಿಟ್ಟು ಮಡಿಸಿದ ಟವೆಲ್ ಇಡಿ, ಅದಕ್ಕೆ ತಾಗಿಸದೆ ಹೊಡೆಯಿರಿ. ಇದಕ್ಕಿಂತ ಒಳ್ಳೆಯ ಅಭ್ಯಾಸ ನನಗೆ ಗೊತ್ತಿಲ್ಲ. ಅಭ್ಯಾಸಕ್ಕೆ ಚೆಂಡು ಹೊಡೆಯುವ ಡ್ರೈವಿಂಗ್ ರೇಂಜ್‌ಗಳಲ್ಲಿ ಮ್ಯಾಟ್ ಹಾಕಿರುತ್ತಾರೆ, ಅದು ಮೋಸ ಮಾಡುತ್ತದೆ ಅನ್ನುವುದು ನೆನಪಿರಲಿ. ಹಿಂದೆ ತಾಗಿದರೂ ಕ್ಲಬ್ ಮ್ಯಾಟ್ ಮೇಲೆ ಜಾರಿ ಚೆಂಡಿಗೆ ಸಿಗುತ್ತದೆ, ಹೊಡೆತ ಚೆನ್ನಾಗಿ ಬಂತು ಅನ್ನಿಸುತ್ತದೆ. ಅದೇ ಹೊಡೆತ ಹುಲ್ಲಿನ ಮೇಲೆ ಹತ್ತು ಗಜ ಹೋಗುವುದಿಲ್ಲ. ಹುಲ್ಲಿನ ಮೇಲೆ ಹೊಡೆಯಲು ಬಿಡುವ ಜಾಗ ಸಿಕ್ಕರೆ ಅಲ್ಲಿಗೆ ಹೋಗಿ.

ಡ್ರೈವರ್ ಯಾಕೆ ಕೊನೆಗೆ? ಅದರ ಉದ್ದ 45 ಇಂಚಿನ ಹತ್ತಿರ, 7 ಐರನ್ 37. ಉದ್ದ ಹೆಚ್ಚಾದಷ್ಟೂ ಮುಖದ ಮಧ್ಯಕ್ಕೆ ಚೆಂಡು ಸಿಗಿಸುವುದು ಕಷ್ಟ. ಮುಖದ ವಾಲು ಹತ್ತು ಡಿಗ್ರಿಯಷ್ಟೇ ಇರುವುದರಿಂದ ಸಣ್ಣ ತಪ್ಪೂ ದೊಡ್ಡದಾಗಿ ಬಾಗುತ್ತದೆ. ಮೊದಲ ವರ್ಷ ಟೀಯಿಂದ ಹೈಬ್ರಿಡ್ ಅಥವಾ 5 ವುಡ್ (ಡ್ರೈವರ್‌ಗಿಂತ ಚಿಕ್ಕ, ಹೊಡೆಯಲು ಸುಲಭದ ಕ್ಲಬ್‌ಗಳು) ಹೊಡೆದರೂ ನಡೆಯುತ್ತದೆ. ಫೇರ್‌ವೇಯಲ್ಲಿ, ಅಂದರೆ ಟೀಗೂ ಗ್ರೀನ್‌ಗೂ ನಡುವಿನ ಕತ್ತರಿಸಿದ ಹುಲ್ಲಿನ ಹಾದಿಯಲ್ಲಿ, 150 ಗಜ ಹೋದ ಚೆಂಡು, ಮರದ ಬುಡದಲ್ಲಿ 220 ಗಜ ಹೋಗಿ ಕೂತ ಚೆಂಡಿಗಿಂತ ಎಷ್ಟೋ ವಾಸಿ.

ಸಾಮಾನಿನ ವಿಷಯ ಈಗ. ನಿಯಮದ ಪ್ರಕಾರ ಬ್ಯಾಗಿನಲ್ಲಿ 14 ಕ್ಲಬ್ ಇಟ್ಟುಕೊಳ್ಳಬಹುದು, ಅಷ್ಟೂ ಇರಲೇಬೇಕು ಅಂತಿಲ್ಲ. ಶುರುವಿನಲ್ಲಿ ಕೋಚ್ ಅಥವಾ ರೇಂಜಿನವರು ಕೊಡುವ ಕ್ಲಬ್‌ನಲ್ಲೇ ಆಡಿ. ಎರಡು ಮೂರು ತಿಂಗಳಾದ ಮೇಲೂ ಆಸೆ ಉಳಿದಿದ್ದರೆ ಸೆಕೆಂಡ್ ಹ್ಯಾಂಡ್‌ನಲ್ಲಿ ಅರ್ಧ ಸೆಟ್ ಹುಡುಕಿ: ಒಂದು ಹೈಬ್ರಿಡ್, 7 ಮತ್ತು 9 ಐರನ್, ಪಿಚಿಂಗ್ ವೆಜ್, ಸ್ಯಾಂಡ್ ವೆಜ್, ಪಟರ್. ಗಾಲ್ಫರ್‌ಗಳು ವರ್ಷಕ್ಕೊಮ್ಮೆ ಕ್ಲಬ್ ಬದಲಾಯಿಸುವ ಚಟದವರು, ಹಾಗಾಗಿ ಒಳ್ಳೆಯ ಹಳೆ ಮಾಲು ಸಿಗುತ್ತದೆ. ಕೊಳ್ಳುವಾಗ ಬ್ರ್ಯಾಂಡ್ ನೋಡುವ ಬದಲು ಶಾಫ್ಟ್, ಅಂದರೆ ಹಿಡಿಯಿಂದ ತಲೆಭಾಗದವರೆಗಿನ ಕೋಲು, ನಿಮ್ಮ ಎತ್ತರಕ್ಕೆ, ಸ್ವಿಂಗಿನ ವೇಗಕ್ಕೆ ಹೊಂದುತ್ತದಾ ಅಂತ ಕೋಚ್ ಕೈಲಿ ನೋಡಿಸಿ. ನಿಮ್ಮ ವಯಸ್ಸಿನ ಹೆಚ್ಚಿನವರಿಗೆ ರೆಗ್ಯುಲರ್ ಶಾಫ್ಟ್ ಸಾಕು, ಅದಕ್ಕಿಂತ ಬಿರುಸಾದ ಸ್ಟಿಫ್ ಹಿಡಿದರೆ ಗಂಡಸುತನ ಹೆಚ್ಚೇನೂ ಆಗುವುದಿಲ್ಲ. ಚೆಂಡು ಅಗ್ಗದ್ದು ಸಾಕು, ಹೇಗೂ ಕಳೆದುಕೊಳ್ಳುತ್ತೀರಿ. ಎಡಗೈಗೆ ಒಂದು ಗ್ಲೌಸ್ ತೆಗೆದುಕೊಳ್ಳಿ. ರೇಂಜಿಗೆ ಮಾಮೂಲಿ ಸ್ಪೋರ್ಟ್ಸ್ ಶೂ ನಡೆಯುತ್ತದೆ.

ಖರ್ಚು ಮತ್ತು ಜಾಗ. ಇಲ್ಲಿ ಸಕ್ಕರೆ ಹಚ್ಚಿ ಹೇಳುವುದಿಲ್ಲ. ನಮ್ಮಲ್ಲಿ ಗಾಲ್ಫ್ ಹೆಚ್ಚು ಕಡಿಮೆ ಕ್ಲಬ್ಬಿನ ಗೋಡೆಯೊಳಗೇ ಇದೆ. ದಿಲ್ಲಿಯ ಲಾಡೋ ಸರಾಯ್‌ನಲ್ಲಿ ಡಿಡಿಎ (ದಿಲ್ಲಿ ಅಭಿವೃದ್ಧಿ ಪ್ರಾಧಿಕಾರ) ನಡೆಸುವ ಕುತುಬ್ ಕೋರ್ಸಿನ ಹಾಗೆ ಯಾರು ಬೇಕಾದರೂ ದುಡ್ಡು ಕೊಟ್ಟು ಆಡುವ ಜಾಗಗಳು ದೇಶದಲ್ಲೇ ಕಡಿಮೆ. ಬೆಂಗಳೂರು ಗಾಲ್ಫ್ ಕ್ಲಬ್ 1876ರದ್ದು, ಊರ ಮಧ್ಯೆ ಹೈಗ್ರೌಂಡ್ಸ್‌ನಲ್ಲಿದೆ. ಹಳೆ ವಿಮಾನ ನಿಲ್ದಾಣದ ಪಕ್ಕ ಕರ್ನಾಟಕ ಗಾಲ್ಫ್ ಅಸೋಸಿಯೇಷನ್ ಕೋರ್ಸ್, ಎಲ್ಲರೂ ಕೆಜಿಎ ಅನ್ನುತ್ತಾರೆ. ಬಿಡದಿಯಲ್ಲಿ ಈಗಲ್ಟನ್, ನಂದಿ ಬೆಟ್ಟದ ದಾರಿಯಲ್ಲಿ ಗಾಲ್ಫ್‌ಶೈರ್, ಮೈಸೂರಿನಲ್ಲಿ ಚಾಮುಂಡಿ ಬೆಟ್ಟ ಕಾಣುವ ಜಯಚಾಮರಾಜ ಒಡೆಯರ್ ಗಾಲ್ಫ್ ಕ್ಲಬ್, ಮಂಗಳೂರಿನ ಪಿಲಿಕುಳ, ಕೊಡಗು ಮತ್ತು ಚಿಕ್ಕಮಗಳೂರಿನ ಕೋರ್ಸುಗಳು. ಇಂಥ ಹಳೆಯ ದೊಡ್ಡ ಕ್ಲಬ್‌ಗಳ ಸದಸ್ಯತ್ವ ಲಕ್ಷಗಳ ಮಾತು, ನೀವು ಅದರ ಹತ್ತಿರವೇ ಹೋಗಬೇಡಿ. ಡ್ರೈವಿಂಗ್ ರೇಂಜಿನಲ್ಲಿ ಒಂದು ಬಕೆಟ್ ಚೆಂಡು ಕೆಲವು ನೂರು ರೂಪಾಯಿ. ಸದಸ್ಯರಲ್ಲದವರನ್ನು ಬಿಡುತ್ತಾರಾ, ಯಾವ ಹೊತ್ತಿನಲ್ಲಿ ಅಂತ ಫೋನ್ ಮಾಡಿ ಕೇಳಿಕೊಂಡು ಹೋಗಿ. ಕೋರ್ಸಿಗೆ ಇಳಿಯುವಾಗ ನಿಮ್ಮ ಸಹೋದ್ಯೋಗಿ ಸದಸ್ಯರಾಗಿದ್ದರೆ ಅತಿಥಿಯಾಗಿ ಗ್ರೀನ್ ಫೀ, ಅಂದರೆ ಆಡುವ ಶುಲ್ಕ, ಕಟ್ಟಿ ಆಡಬಹುದು. ವಾರದ ದಿನ ಅದೂ ಕಡಿಮೆ. ಕೆಲವು ಕ್ಲಬ್‌ಗಳು ಹ್ಯಾಂಡಿಕ್ಯಾಪ್ ಇಲ್ಲದವರನ್ನು ಬಿಡುವುದಿಲ್ಲ, ಇಲ್ಲವೇ ಕ್ಲಬ್ಬಿನ ಕೋಚ್ ಒಮ್ಮೆ ನೋಡಿ ಸರಿ ಅನ್ನಬೇಕು. ಕೋಚ್ ಹುಡುಕುವಾಗ ಎನ್‌ಜಿಎಐ, ಅಂದರೆ ನ್ಯಾಷನಲ್ ಗಾಲ್ಫ್ ಅಕಾಡೆಮಿ ಆಫ್ ಇಂಡಿಯಾದ ಪ್ರಮಾಣಪತ್ರ ಇದೆಯಾ ಕೇಳಿ. ಮಳೆಗಾಲಕ್ಕೆ ಒಳಾಂಗಣ ಸಿಮ್ಯುಲೇಟರ್‌ಗಳೂ ಬಂದಿವೆ, ಚೆನ್ನಾಗಿವೆ, ಆದರೆ ಪಟ್ ಕಲಿಯಲು ಅವು ಪ್ರಯೋಜನ ಇಲ್ಲ.

ಶ್ರೀಮಂತರ ಆಟ ಅನ್ನುವ ಮಾತಿಗೆ ಇನ್ನೊಂದು ಮುಖವೂ ಇದೆ. ನಮ್ಮ ದೇಶದಲ್ಲಿ ಈ ಆಟವನ್ನು ಚೆನ್ನಾಗಿ ಬಲ್ಲವರಲ್ಲಿ ಎಷ್ಟೋ ಜನ ಬ್ಯಾಗ್ ಹೊತ್ತವರು. 1991ರಲ್ಲಿ ಇಂಡಿಯನ್ ಓಪನ್ ಗೆದ್ದ ಮೊದಲ ಭಾರತೀಯ ಅಲಿ ಶೇರ್ ದಿಲ್ಲಿಯಲ್ಲಿ ಕ್ಯಾಡಿಯಾಗಿದ್ದವರು. ನಮ್ಮ ಚಿಕ್ಕರಂಗಪ್ಪ ಈಗಲ್ಟನ್ ಕೋರ್ಸಿನ ಪಕ್ಕದ ಹಳ್ಳಿಯ ಬಡ ಕುಟುಂಬದಿಂದ ಬಂದು, ಅಲ್ಲೇ ಆಟ ಕಲಿತು ವೃತ್ತಿಪರರಾದರು. ಹಾಗಾಗಿ ನಿಮಗೆ ಕೊಟ್ಟ ಕ್ಯಾಡಿಯನ್ನು ಬ್ಯಾಗ್ ಹೊರುವ ಆಳು ಅಂದುಕೊಳ್ಳಬೇಡಿ. ನಮಸ್ಕಾರ ಹೇಳಿ, ಹೆಸರು ಕೇಳಿ, ನಾನು ಹೊಸಬ, ಎಲ್ಲಿ ನಿಲ್ಲಬೇಕು, ಯಾವ ಕ್ಲಬ್ ಹೊಡೆಯಬೇಕು ಹೇಳಿ ಅನ್ನಿ. ಆ ಗ್ರೀನ್‌ನ ಒಂದೊಂದು ಇಳಿಜಾರೂ ಅವರಿಗೆ ಗೊತ್ತು. ಕೊನೆಗೆ ಟಿಪ್ಸ್ ಕೊಡುವಾಗ ಕೈ ಹಿಡಿಯಬೇಡಿ.

ನಿಯಮದ ಪುಸ್ತಕ ದಪ್ಪ, ಆದರೆ ಶುರುವಿಗೆ ನಾಲ್ಕೈದು ಗೊತ್ತಿದ್ದರೆ ಸಾಕು. ಚೆಂಡು ಎಲ್ಲಿ ಬಿತ್ತೋ ಅಲ್ಲಿಂದಲೇ ಆಡಬೇಕು, ಕಾಲಲ್ಲಿ ಸರಿಸುವ ಹಾಗಿಲ್ಲ. ಹೊಡೆಯಬೇಕು ಅಂತಲೇ ಬೀಸಿ ಚೆಂಡು ತಪ್ಪಿದರೂ ಒಂದು ಹೊಡೆತ ಲೆಕ್ಕ. ಕಳೆದ ಚೆಂಡನ್ನು ಹುಡುಕಲು ಮೂರು ನಿಮಿಷ ಅಷ್ಟೇ, 2019ಕ್ಕೆ ಮುಂಚೆ ಐದಿತ್ತು. ಕೋರ್ಸಿನ ಗಡಿ ತೋರಿಸುವ ಬಿಳಿ ಗೂಟದ ಆಚೆ ಹೋದರೆ ಒಂದು ದಂಡ, ಮತ್ತೆ ಮೊದಲಿನ ಜಾಗದಿಂದಲೇ ಹೊಡೆಯಬೇಕು. ಹಾಗಾಗಿ ಅನುಮಾನ ಬಂದರೆ ಅಲ್ಲೇ ನಿಂತು ಪ್ರೊವಿಷನಲ್ ಅಂತ ಹೇಳಿ ಇನ್ನೊಂದು ಚೆಂಡು ಹೊಡೆದುಬಿಡಿ, ವಾಪಸ್ ನಡೆಯುವುದು ತಪ್ಪುತ್ತದೆ. ಕೆಂಪು ಗೂಟದ ಕೆರೆಗೋ ಹಳ್ಳಕ್ಕೋ ಬಿದ್ದರೆ ಒಂದು ದಂಡ ಹಾಕಿಕೊಂಡು, ಅದು ಗಡಿ ದಾಟಿದ ಜಾಗದಿಂದ ಎರಡು ಕ್ಲಬ್ ಉದ್ದದೊಳಗೆ, ಕುಳಿಗೆ ಹತ್ತಿರವಾಗದ ಹಾಗೆ, ಮೊಣಕಾಲಿನ ಎತ್ತರದಿಂದ ಚೆಂಡು ಬಿಡಬಹುದು. ಬಂಕರ್ ಅನ್ನುವ ಮರಳಿನ ಗುಂಡಿಯಲ್ಲಿ ಹೊಡೆಯುವ ಮುಂಚೆ ಚೆಂಡಿನ ಹಿಂದಿನ ಮರಳಿಗೆ ಕ್ಲಬ್ ತಾಗಿಸಬಾರದು. ನಾಯಿಯೋ ಕಾಗೆಯೋ ನಿಂತ ಚೆಂಡನ್ನು ಕಚ್ಚಿಕೊಂಡು ಹೋದರೆ ದಂಡ ಇಲ್ಲ, ಇದ್ದ ಜಾಗ ಅಂದಾಜು ಮಾಡಿ ಅಲ್ಲಿಟ್ಟು ಆಡಿ. ತಮಾಷೆಗೆ ಹೇಳುತ್ತಿಲ್ಲ, ನಮ್ಮ ಕೋರ್ಸುಗಳಲ್ಲಿ ಇದು ಆಗುತ್ತದೆ.

ನಿಯಮ ತಪ್ಪಿದರೆ ಜನ ಕ್ಷಮಿಸುತ್ತಾರೆ, ನಿಧಾನ ಆಡಿದರೆ ಕ್ಷಮಿಸುವುದಿಲ್ಲ. ನಿಮ್ಮ ಹಿಂದೆ ಇನ್ನೊಂದು ಗುಂಪು ಕಾಯುತ್ತಿರುತ್ತದೆ. ಒಂದೇ ಸಲ ಪ್ರಾಕ್ಟೀಸ್ ಸ್ವಿಂಗ್ ಮಾಡಿ ಹೊಡೆಯಿರಿ. ನಡೆಯುತ್ತಿರುವಾಗಲೇ ಮುಂದಿನ ಹೊಡೆತದ ಯೋಚನೆ ಮುಗಿಸಿ. ಬೇರೆಯವರು ಹೊಡೆಯುವಾಗ ಅವರ ಹಿಂದೆ ನಿಲ್ಲಬೇಡಿ, ಮಾತಾಡಬೇಡಿ, ಮೊಬೈಲ್ ಸೈಲೆಂಟ್ ಮಾಡಿ. ಗ್ರೀನ್ ಮೇಲೆ ಇನ್ನೊಬ್ಬರ ಚೆಂಡಿಗೂ ಕುಳಿಗೂ ಮಧ್ಯದ ದಾರಿ ತುಳಿಯಬೇಡಿ. ಚೆಂಡು ಬಿದ್ದು ಆದ ಗುಳಿಯನ್ನು ಅಂಚಿನಿಂದ ಒಳಕ್ಕೆ ಒತ್ತಿ ಸರಿ ಮಾಡಿ, ಬಂಕರ್ ಮರಳನ್ನು ಎಳೆದು ಸಮ ಮಾಡಿ ಬನ್ನಿ. ಚೆಂಡು ಯಾರ ಕಡೆಗಾದರೂ ಹೋಗುತ್ತಿದ್ದರೆ ಗಂಟಲು ಹರಿಯುವ ಹಾಗೆ 'ಫೋರ್' ಅಂತ ಕೂಗಿ. ಸಂಕೋಚ ಪಟ್ಟು ಸುಮ್ಮನಿದ್ದರೆ ತಲೆ ಒಡೆಯುತ್ತದೆ, ಅದು 45 ಗ್ರಾಂ ತೂಕದ ಗಟ್ಟಿ ವಸ್ತು. ಗುಡುಗು ಮಿಂಚು ಶುರುವಾದರೆ ಸ್ಕೋರ್ ಎಷ್ಟೇ ಚೆನ್ನಾಗಿರಲಿ ಆಟ ನಿಲ್ಲಿಸಿ, ಮರದ ಕೆಳಗೆ ನಿಲ್ಲದೆ ಕ್ಲಬ್ ಹೌಸಿಗೆ ಹೋಗಿ. ಬಟ್ಟೆ ವಿಷಯದಲ್ಲಿ ಕಾಲರ್ ಇರುವ ಟೀ ಶರ್ಟ್ ಹಾಕಿ, ಜೀನ್ಸ್ ಬೇಡ.

ಒಂದು ಸಣ್ಣ ಸ್ಥಳೀಯ ವಿಷಯ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್ ಎತ್ತರದಲ್ಲಿದೆ, ಗಾಳಿ ಸ್ವಲ್ಪ ತೆಳು, ಚೆಂಡು ನೂರಕ್ಕೆ ಮೂರು ನಾಲ್ಕರಷ್ಟು ಜಾಸ್ತಿ ಹೋಗುತ್ತದೆ. ಇಲ್ಲಿ 150 ಗಜ ಹೋಗುವ ಕ್ಲಬ್ ಮಂಗಳೂರಿನಲ್ಲಿ 145ಕ್ಕೆ ನಿಂತರೆ ನಿಮ್ಮ ಸ್ವಿಂಗ್ ಕೆಟ್ಟಿತು ಅಂತ ತಲೆ ಕೆಡಿಸಿಕೊಳ್ಳಬೇಡಿ.

ಬೆನ್ನಿನ ಬಗ್ಗೆ. ಗಾಲ್ಫರ್‌ಗಳಿಗೆ ಹೆಚ್ಚಾಗಿ ಬರುವ ನೋವೇ ಕೆಳಬೆನ್ನಿನದು, ಹಾಗಾಗಿ ನಿಮ್ಮ ಭಯ ಸರಿಯೇ ಇದೆ. ನೋವು ಕಾಲಿಗೆ ಇಳಿಯುತ್ತಿದ್ದರೆ, ಜೋಮು ಹಿಡಿಯುತ್ತಿದ್ದರೆ ಮೊದಲು ಡಾಕ್ಟರ್ ನೋಡಿ, ಕ್ಲಬ್ ಆಮೇಲೆ. ಬರೀ ಬಿಗಿತ ಅಂದರೆ ಫಿಸಿಯೋ ಒಬ್ಬರನ್ನು ಕಂಡು ಸೊಂಟ ಮತ್ತು ಎದೆಭಾಗದ ತಿರುವು ಸಡಿಲ ಮಾಡುವ ವ್ಯಾಯಾಮ ಕಲಿಯಿರಿ. ಸೊಂಟ ತಿರುಗದಿದ್ದರೆ ಆ ಕೆಲಸವೆಲ್ಲ ಬೆನ್ನಿನ ಮೇಲೆ ಬೀಳುತ್ತದೆ. ನಿಲ್ಲುವಾಗ ಬೆನ್ನು ಗೂನು ಮಾಡದೆ ಸೊಂಟದಿಂದ ಬಾಗಿ. ಕ್ಲಬ್ ಹಿಂದಕ್ಕೆ ಒಯ್ಯುವಾಗ ಎಡ ಹಿಮ್ಮಡಿ ಸ್ವಲ್ಪ ಮೇಲೇಳಲು ಬಿಡಿ, ಬೆನ್ನಿನ ತಿರುಚು ಕಡಿಮೆಯಾಗುತ್ತದೆ. ಕಾರಿನಿಂದ ಇಳಿದವರೇ ಹೊಡೆಯಲು ನಿಲ್ಲಬೇಡಿ, ಹತ್ತು ನಿಮಿಷ ಓಡಾಡಿ ಮೈ ಬಿಸಿ ಮಾಡಿಕೊಳ್ಳಿ. ಒಂದೇ ಉಸಿರಿಗೆ ನೂರು ಚೆಂಡು ಹೊಡೆಯುವುದು ಬೇಡ, ಮೂವತ್ತು ನಲವತ್ತು ಸಾಕು, ಉಳಿದ ಹೊತ್ತು ಪಟ್ ಮಾಡಿ. ಬ್ಯಾಗ್ ಹೆಗಲಿಗೆ ಹಾಕಬೇಡಿ. ಕುಳಿಯಿಂದ ಚೆಂಡು ತೆಗೆಯುವಾಗ ಪಟರ್ ಮೇಲೆ ಒಂದು ಕೈ ಊರಿ, ಒಂದು ಕಾಲನ್ನು ಹಿಂದಕ್ಕೆ ಎತ್ತಿ ಬಗ್ಗಿ. ಹಳೆ ಗಾಲ್ಫರ್‌ಗಳು ಹೀಗೆ ಮಾಡುವುದನ್ನು ನೋಡಿ ನಗಬೇಡಿ, ಬೆನ್ನು ಉಳಿಸಿಕೊಂಡವರು ಅವರೇ. ಪೂರ್ತಿ ರೌಂಡ್ ಅಂದರೆ ಏಳೆಂಟು ಕಿಲೋಮೀಟರ್ ನಡಿಗೆ, ಶುರುವಿನಲ್ಲಿ 9 ಹೋಲ್ ಆಡಿ ಸಾಕು ಮಾಡಿ.

ಈ ಶನಿವಾರ ಕರೆದರೆ ಹೋಗಿ, ಆದರೆ ಆಡಲು ಬೇಡ. ಕ್ಲಬ್ಬಿನವರು ಬಿಟ್ಟರೆ ಅವರ ಜೊತೆ ಸುಮ್ನೆ 9 ಹೋಲ್ ನಡೆಯಿರಿ. ಯಾರು ಎಲ್ಲಿ ನಿಲ್ಲುತ್ತಾರೆ, ಯಾರು ಮೊದಲು ಹೊಡೆಯುತ್ತಾರೆ, ಗ್ರೀನ್ ಮೇಲೆ ಹೇಗೆ ಓಡಾಡುತ್ತಾರೆ ನೋಡಿ. ಅಷ್ಟರಲ್ಲೇ ನಿಮ್ಮ ಅರ್ಧ ಭಯ ಹೋಗುತ್ತದೆ.

ಮಗಳನ್ನು ಖಂಡಿತ ಕರೆದುಕೊಂಡು ಹೋಗಿ. ಅದಿತಿ ಕ್ಲಬ್ ಹಿಡಿದಾಗ ಐದು ಮುಗಿದು ಆರೂ ಆಗಿರಲಿಲ್ಲ, ಅದೂ ಕೆಜಿಎಯಲ್ಲೇ. ಮನೆಯವರು ಆಗ ಗಾಲ್ಫರ್‌ಗಳೇನೂ ಅಲ್ಲ, ಮಗಳ ಜೊತೆಗೇ ಶುರು ಮಾಡಿದವರು. ಆಮೇಲೆ 2016ರ ರಿಯೋದಲ್ಲಿ ಅಪ್ಪ, ಟೋಕಿಯೊದಲ್ಲಿ ಅಮ್ಮ ಅವರ ಬ್ಯಾಗ್ ಹೊತ್ತರು. ಆದರೆ ಒಲಿಂಪಿಕ್ಸ್ ಕನಸನ್ನು ಎಂಟು ವರ್ಷದ ಮಗುವಿನ ಮೇಲೆ ಹೇರಬೇಡಿ. ರೇಂಜಿನಲ್ಲಿ ಸಾಲಾಗಿ ಚೆಂಡು ಹೊಡೆಸುವುದಕ್ಕಿಂತ ಪಟಿಂಗ್ ಗ್ರೀನ್‌ನಲ್ಲಿ ನೀವಿಬ್ಬರೂ ಪಂದ್ಯ ಆಡಿ, ಸೋತವರು ಜ್ಯೂಸ್ ಕೊಡಿಸಬೇಕು ಅಂತ ಇಟ್ಟುಕೊಳ್ಳಿ. ಅವಳ ಸ್ವಿಂಗನ್ನು ನೀವು ತಿದ್ದಲು ಹೋಗಬೇಡಿ, ಅದು ಕೋಚ್ ಕೆಲಸ. ದೊಡ್ಡವರ ಕ್ಲಬ್ ಕತ್ತರಿಸಿ ಕೊಡುವುದನ್ನೂ ಮಾಡಬೇಡಿ. ಉದ್ದ ಕಡಿಮೆಯಾದರೂ ತಲೆಭಾಗದ ತೂಕ ಹಾಗೇ ಇರುತ್ತದೆ, ಶಾಫ್ಟ್ ಬಿರುಸಾಗುತ್ತದೆ, ಮಗು ಅದನ್ನು ಎಳೆದಾಡಿ ಕೆಟ್ಟ ಅಭ್ಯಾಸ ಕಲಿಯುತ್ತದೆ. ಮಕ್ಕಳ ಎತ್ತರಕ್ಕೆ ಮಾಡಿದ ಹಗುರ ಕ್ಲಬ್‌ಗಳು ಸಿಗುತ್ತವೆ, ಒಂದು 7 ಐರನ್, ಒಂದು ವೆಜ್, ಒಂದು ಪಟರ್ ಸಾಕು. ಒಂದೆರಡು ವರ್ಷಕ್ಕೇ ಅವು ಚಿಕ್ಕದಾಗುತ್ತವೆ, ಹಾಗಾಗಿ ಅದನ್ನೂ ಹಳೆಯದೇ ಹುಡುಕಿ. ಮಗಳು ಬೆಳೆದ ಮೇಲೆ ಕೋಚ್‌ಗೆ ಹೇಳಿದರೆ ಹೊಸದಾಗಿ ಸೇರಿದ ಇನ್ನೊಂದು ಮಗುವಿನ ಮನೆಯವರು ತೆಗೆದುಕೊಳ್ಳುತ್ತಾರೆ.